ಮಗನ ಪರವಾಗಿ ಏಳೂವರೆ ವರ್ಷ: ವಾಣಿವಿಲಾಸ ಸನ್ನಿಧಾನದವರ ರೀಜೆಂಟ್ ಆಡಳಿತ

1894ರ ಡಿಸೆಂಬರ್ 28. ಮೈಸೂರಿನ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ಗಂಟಲಮಾರಿಯಿಂದ, ಅಂದರೆ ಡಿಫ್ತೀರಿಯಾದಿಂದ ತೀರಿಕೊಂಡರು. ವಯಸ್ಸು 31. ಹೋದದ್ದು ಪ್ರವಾಸಕ್ಕೆ, ಸಾವು ಊರಿಂದ ಅಷ್ಟು ದೂರದಲ್ಲಿ. ಹಿಂದೆ ಉಳಿದವರು ಹೆಂಡತಿ ಕೆಂಪನಂಜಮ್ಮಣ್ಣಿಯವರು (ಮುಂದೆ ವಾಣಿವಿಲಾಸ ಸನ್ನಿಧಾನ ಅನ್ನಿಸಿಕೊಂಡವರು ಇವರೇ), ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ದೊಡ್ಡ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ತಾಯಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಈ ಕಥೆಯಲ್ಲಿ ನಮಗೆ ನೆನಪಿರುವುದು ಸಾಮಾನ್ಯವಾಗಿ ಎರಡೇ ಹೆಸರು. ದಿವಾನ್ ಶೇಷಾದ್ರಿ ಅಯ್ಯರ್ ಒಂದು, ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್. ಶಿವನಸಮುದ್ರದ ಕರೆಂಟು ದಿವಾನರ ಲೆಕ್ಕಕ್ಕೆ ಹೋಗುತ್ತದೆ, ಮಾದರಿ ಸಂಸ್ಥಾನ ಅನ್ನುವ ಹೆಸರು ನಾಲ್ವಡಿಯವರ ಲೆಕ್ಕಕ್ಕೆ. ಇಬ್ಬರಿಗೂ ಅದು ಸಲ್ಲಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ 1895ರಿಂದ 1902ರವರೆಗೆ, ಆ ಏಳೂವರೆ ವರ್ಷ, ನಡುವೆ ನಿಂತು ಮನೆಯನ್ನೂ ರಾಜ್ಯವನ್ನೂ ಹಿಡಿದಿದ್ದವರು ಈ ತಾಯಿ. ಅವರ ಹೆಸರು ಒಂದು ಅಣೆಕಟ್ಟಿಗೆ, ಒಂದು ಆಸ್ಪತ್ರೆಗೆ, ಬೆಂಗಳೂರಿನ ಒಂದು ರಸ್ತೆಗೆ ಇದೆ. ಅವರು ಮಾಡಿದ್ದೇನು ಅಂತ ಕೇಳಿದರೆ ಮಾತ್ರ ಹೇಳುವವರು ಕಡಿಮೆ. ನನಗೆ ಇದು ಬೇಸರದ ವಿಷಯ, ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು.

ಭಯ ಎಲ್ಲಿತ್ತು

ರಾಜ ಚಿಕ್ಕವನಾಗಿದ್ದಾಗ ಯಾರೋ ಒಬ್ಬರು ಅವನ ಪರವಾಗಿ ಆಳುವುದು ಮೈಸೂರಿಗೆ ಹೊಸದಲ್ಲ. ಹಿಂದಿನ ಅನುಭವವೇ ಭಯಕ್ಕೆ ಕಾರಣ.

ಮೊದಲು ಕಳಲೆಯ ದಳವಾಯಿಗಳನ್ನು, ಅಂದರೆ ಸೇನಾಪತಿಗಳನ್ನು ನೋಡಿ. 18ನೇ ಶತಮಾನದಲ್ಲಿ ದೇವರಾಜಯ್ಯ, ನಂಜರಾಜಯ್ಯ ಎಲ್ಲ ಅಧಿಕಾರವನ್ನೂ ತಮ್ಮ ಕೈಗೆ ತೆಗೆದುಕೊಂಡರು, ಒಡೆಯರು ಹೆಸರಿಗೆ ಮಾತ್ರ ಉಳಿದರು. ಅವರನ್ನು ಹಿಂದೆ ಸರಿಸಿ ಹೈದರಾಲಿ ಬಂದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದರು. ಅದರ ಹಿಂದೆ ರಾಣಿ ಲಕ್ಷ್ಮಮ್ಮಣ್ಣಿಯವರು ಎಷ್ಟೋ ವರ್ಷ ಗುಟ್ಟಾಗಿ ತಿರುಮಲರಾವ್ ಮೂಲಕ ಬ್ರಿಟಿಷರ ಜೊತೆ ನಡೆಸಿದ ಮಾತುಕತೆ ಇತ್ತು. ಆಡಳಿತ ನಡೆಸಿದವರು ದಿವಾನ್ ಪೂರ್ಣಯ್ಯ. ಸುಮಾರು ಹನ್ನೆರಡು ವರ್ಷ ಅವರು ದಕ್ಷವಾಗಿಯೇ ನಡೆಸಿದರು. ಆದರೆ ಬೆಳೆಯುತ್ತಿದ್ದ ಹುಡುಗನಿಗೆ ರಾಜ್ಯ ನಡೆಸುವ ಕೆಲಸ ಕಲಿಸುವುದು ಯಾರ ಮುಖ್ಯ ಕೆಲಸವೂ ಆಗಿರಲಿಲ್ಲ. ಹದಿನಾರರ ಆಸುಪಾಸಿನಲ್ಲಿ ಮುಮ್ಮಡಿಯವರು ಅಧಿಕಾರ ತೆಗೆದುಕೊಂಡರು, ಪೂರ್ಣಯ್ಯ 1812ರಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷದೊಳಗೆ ನಗರ ಸೀಮೆಯಲ್ಲಿ (ಈಗಿನ ಶಿವಮೊಗ್ಗದ ಕಡೆ) ರೈತರ ದಂಗೆ ಎದ್ದಿತು, 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡರು. ಮುಮ್ಮಡಿಯವರು ಉಳಿದ ಆಯುಷ್ಯವೆಲ್ಲ ಅದನ್ನು ವಾಪಸ್ ಕೇಳುತ್ತಾ ಕಳೆದು 1868ರಲ್ಲಿ ತೀರಿಕೊಂಡರು. ರಾಜ್ಯ ಕೊನೆಗೂ ಮರಳಿದ್ದು 1881ರ ಮಾರ್ಚ್ 25ಕ್ಕೆ, ಅವರ ದತ್ತುಮಗ ಚಾಮರಾಜೇಂದ್ರರಿಗೆ. ಮಧ್ಯೆ ಹೋದದ್ದು ಐವತ್ತು ವರ್ಷ.

ಈಗ ಲೆಕ್ಕ ಹಾಕಿ. ಐವತ್ತು ವರ್ಷ ಕಾದು ಪಡೆದ ರಾಜ್ಯ. ಪಡೆದು ಹದಿನಾಲ್ಕು ವರ್ಷವೂ ಆಗಿಲ್ಲ, ರಾಜ ಸತ್ತಿದ್ದಾನೆ, ಮಗನಿಗೆ ಹತ್ತು ವರ್ಷ. ಒಂದು ದಂಗೆ, ಒಂದು ಖಜಾನೆಯ ಗೊಂದಲ, ಅರಮನೆಯೊಳಗೆ ಒಂದು ಜಗಳ ಸಾಕಿತ್ತು, ಬ್ರಿಟಿಷ್ ಕಮಿಷನರ್ ಆಡಳಿತ ಮತ್ತೆ ಬರುವುದಕ್ಕೆ. ಆ ಐವತ್ತು ವರ್ಷವನ್ನು ಕಣ್ಣಾರೆ ಕಂಡವರು ಮೈಸೂರಿನಲ್ಲಿ ಇನ್ನೂ ಬದುಕಿದ್ದರು.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ನಿಲ್ಲಿಸುತ್ತದೆ. ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು ಅದೇ ಕಳಲೆ ಮನೆತನದಲ್ಲಿ. ನಂಜನಗೂಡಿನ ಹತ್ತಿರದ ಊರು ಅದು. ಯಾವ ಮನೆಯವರು ಒಡೆಯರ ಅಧಿಕಾರ ಕಸಿದಿದ್ದರೋ ಅದೇ ಮನೆಯ ಮಗಳಿಗೆ ಈಗ ಒಡೆಯರ ಅಧಿಕಾರ ಕಾಯುವ ಕೆಲಸ ಬಂತು.

ಏರ್ಪಾಡು

1895ರ ಫೆಬ್ರವರಿ 1ರಂದು ಹುಡುಗನಿಗೆ ಪಟ್ಟವಾಯಿತು. ತಾಯಿ ರೀಜೆಂಟ್ ಆದರು, ವಾಣಿವಿಲಾಸ ಸನ್ನಿಧಾನ ಅನ್ನುವ ಬಿರುದಿನಿಂದಲೇ ಅವರನ್ನು ಕರೆಯುವುದು ರೂಢಿಯಾಯಿತು. 1883ರಿಂದ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಹಾಗೆಯೇ ಮುಂದುವರಿದರು. ದಿವಾನರ ಜೊತೆ ಮೂವರು ಸದಸ್ಯರ ಕೌನ್ಸಿಲ್ ಬಂತು: ಟಿ.ಆರ್.ಎ. ತಂಬುಚೆಟ್ಟಿ, ಪಿ.ಎನ್. ಕೃಷ್ಣಮೂರ್ತಿ, ಅಬ್ದುಲ್ ರಹಮಾನ್. ಒಬ್ಬರು ಕ್ರೈಸ್ತರು, ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು. ಕೃಷ್ಣಮೂರ್ತಿಯವರು ಹಳೇ ದಿವಾನ್ ಪೂರ್ಣಯ್ಯನವರ ವಂಶದವರೇ. ಇವರೆಲ್ಲರ ಮೇಲೆ ಕಣ್ಣಿಟ್ಟು ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಇದ್ದೇ ಇದ್ದ.

ಕಾಗದದ ಮೇಲೆ ಈ ಏರ್ಪಾಡು ಚೆನ್ನಾಗಿ ಕಾಣುತ್ತದೆ. ಆದರೆ ಇಲ್ಲಿ ಒತ್ತಡ ಎಷ್ಟು ಕಡೆಯಿಂದ ನೋಡಿ. ದಿವಾನರು ಹನ್ನೆರಡು ವರ್ಷದಿಂದ ಕುರ್ಚಿಯಲ್ಲಿರುವ ಗಟ್ಟಿ ಮನುಷ್ಯ, ಹುಟ್ಟಿದ್ದು ಪಾಲಕ್ಕಾಡಿನ ಕಡೆ. ಮದ್ರಾಸ್ ಕಡೆಯವರೇ ಒಳ್ಳೊಳ್ಳೆ ಹುದ್ದೆಗಳನ್ನೆಲ್ಲ ಹಿಡಿದಿದ್ದಾರೆ ಅಂತ ಮೈಸೂರಿನವರಿಗೆ ಸಿಟ್ಟಿತ್ತು, ದಿವಾನರಿಗೆ ವಿರೋಧಿಗಳು ಬೇಕಾದಷ್ಟಿದ್ದರು. ಅವರು ಬಲವಾಗಿದ್ದರೆ ರೀಜೆಂಟ್ ಬರೀ ಸಹಿಗೆ ಸೀಮಿತ. ಅವರನ್ನು ತೆಗೆದರೆ ಅರ್ಧ ಆಗಿರುವ ಕೆಲಸಗಳೆಲ್ಲ ನಿಂತವು, ಅರಮನೆಯ ಗುಂಪುಗಾರಿಕೆ ಶುರುವಾಯಿತು, ರೆಸಿಡೆಂಟ್‌ಗೆ ಒಳಗೆ ಬರಲು ಬಾಗಿಲು ತೆಗೆದ ಹಾಗಾಯಿತು. ಗಂಡ ಸತ್ತು ತಿಂಗಳಷ್ಟೇ ಕಳೆದಿದ್ದ ಹೆಂಗಸಿನ ಮುಂದೆ ಇಷ್ಟೂ ಇತ್ತು.

ವಾಣಿವಿಲಾಸದವರು ದಿವಾನರನ್ನು ಬದಲಿಸಲಿಲ್ಲ. 1901ರಲ್ಲಿ ಆರೋಗ್ಯ ಕೆಟ್ಟು ಅವರೇ ಕೆಲಸ ಬಿಡುವ ತನಕ ಇಟ್ಟುಕೊಂಡರು. ಒಟ್ಟು ಹದಿನೆಂಟು ವರ್ಷದ ದಿವಾನಗಿರಿ ಅದು. ಇದನ್ನು ದೌರ್ಬಲ್ಯ ಅಂತ ಓದುವವರಿದ್ದಾರೆ, ನಾನು ಹಾಗೆ ಓದುವುದಿಲ್ಲ. ಯಾಕೆಂದರೆ ಅವರ ಸ್ವಂತ ತಮ್ಮ ಕಾಂತರಾಜ ಅರಸು ಓದಿಕೊಂಡವರು, ಸಂಸ್ಥಾನದ ನೌಕರಿಗೂ ಸೇರಿದ್ದರು. ಸಾಲದ್ದಕ್ಕೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರನ್ನು ಮದುವೆಯಾಗಿ ಅಕ್ಕನಿಗೇ ಅಳಿಯನೂ ಆದರು. ಬೇರೆ ಯಾವ ರಾಜಮನೆತನವಾಗಿದ್ದರೂ ಇಂಥ ತಮ್ಮನೇ ರಾಜ್ಯ ನಡೆಸುತ್ತಿದ್ದ, ಅಲ್ವಾ? ಕಾಂತರಾಜ ಅರಸು ದಿವಾನರಾದದ್ದು 1918ರಲ್ಲಿ. ಅಕ್ಕನ ರೀಜೆಂಟ್ ಅವಧಿ ಮುಗಿದು ಹದಿನಾರು ವರ್ಷದ ಮೇಲೆ. ಕಳಲೆ ಮನೆಯ ಹಳೇ ಕಥೆ ಮತ್ತೆ ನಡೆಯಲಿಲ್ಲ.

ಏಟಿನ ಮೇಲೆ ಏಟು

1896ರಿಂದ 1898ರವರೆಗಿನ ಮೂರು ವರ್ಷದಲ್ಲಿ ಬಂದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಎದೆ ಝಲ್ ಅನ್ನುತ್ತದೆ.

ಮೊದಲನೆಯದು ಹಣದ್ದು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ ಕೊಡುತ್ತಿತ್ತು. ರಾಜ್ಯ ವಾಪಸ್ ಕೊಡುವಾಗ ಇದನ್ನು 35 ಲಕ್ಷಕ್ಕೆ ಏರಿಸುವ ಮಾತಾಗಿತ್ತು, ಬರಗಾಲದ ಸಾಲ ಇದ್ದದ್ದರಿಂದ ಆ ಏರಿಕೆಯನ್ನು ಮುಂದೂಡುತ್ತಾ ಬಂದಿದ್ದರು. ಆ ಗಡುವು ಮುಗಿದದ್ದು ಸರಿಯಾಗಿ 1896ರಲ್ಲಿ. ಅಂದರೆ ರೀಜೆಂಟ್ ಆಡಳಿತ ಶುರುವಾಗಿ ಒಂದು ವರ್ಷ ಆಗುವಷ್ಟರಲ್ಲೇ ಪ್ರತಿ ವರ್ಷ ಹತ್ತೂವರೆ ಲಕ್ಷ ಜಾಸ್ತಿ ಕೊಡಬೇಕಾಯಿತು.

ಮುಂದಿನ ವರ್ಷ ಬೆಂಕಿ. 1897ರ ಫೆಬ್ರವರಿಯಲ್ಲಿ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಮೈಸೂರಿನ ಹಳೇ ಮರದ ಅರಮನೆಗೆ ಬೆಂಕಿ ಬಿದ್ದು ಹೆಚ್ಚಿನ ಭಾಗ ಸುಟ್ಟುಹೋಯಿತು. ಗಂಡ ಹೋಗಿ ಎರಡು ವರ್ಷ ಆಗಿತ್ತು ಅಷ್ಟೇ. ಮನೆಯಲ್ಲಿ ಮತ್ತೆ ಒಂದು ಶುಭಕಾರ್ಯ ಅಂತ ನಡೆಯುವಾಗ ಮನೆಯೇ ಉರಿದರೆ ಆ ತಾಯಿಗೆ ಹೇಗಾಗಿರಬೇಡ! ರಾಜಮನೆತನ ಜಗನ್ಮೋಹನ ಅರಮನೆಗೆ ಹೋಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಅರಮನೆಯ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್, ಶಿಮ್ಲಾದ ವೈಸ್‌ರಾಯ್ ನಿವಾಸ ಕಟ್ಟಿದವರು. ಈ ಸಲ ಮರದ ಬದಲು ಕಲ್ಲು ಮತ್ತು ಕಬ್ಬಿಣಕ್ಕೆ ಹೋದರು, ಇನ್ನೊಂದು ಸಲ ಸುಡಬಾರದು ಅಂತ. ಕಟ್ಟಡ ಮುಗಿದದ್ದು 1912ರಲ್ಲಿ, ಖರ್ಚು 41 ಲಕ್ಷ ಚಿಲ್ಲರೆ. ದಸರಾ ದೀಪದಲ್ಲಿ ನಾವು ಬಾಯಿ ಬಿಟ್ಟು ನೋಡುವ ಅರಮನೆ ಇದೇ. ಅದನ್ನು ಕಟ್ಟಿಸಲು ಹೊರಟಿದ್ದು ರೀಜೆಂಟ್ ಆಗಿದ್ದ ತಾಯಿ. ಪೊಗದಿ ಏರಿರುವ ಹೊತ್ತಿನಲ್ಲಿ ಅಷ್ಟು ದೊಡ್ಡ ಅರಮನೆ ಬೇಕಿತ್ತಾ ಅಂತ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ರಾಜನೇ ಹುಡುಗ, ರೆಸಿಡೆಂಟ್ ನೋಡುತ್ತಾ ಕೂತಿದ್ದಾನೆ, ಅಂಥ ಸಮಯದಲ್ಲಿ ಸುಟ್ಟ ಅರಮನೆಯನ್ನು ಹಾಗೆಯೇ ಬಿಟ್ಟಿದ್ದರೆ ಈ ಮನೆತನ ಮುಗಿಯಿತು ಅಂತ ಜನ ಓದಿಕೊಳ್ಳುತ್ತಿದ್ದರು.

ಮೂರನೆಯದು ಪ್ಲೇಗು. ಅದು 1898ರಲ್ಲಿ ಬೆಂಗಳೂರಿಗೆ, ಮೈಸೂರಿಗೆ ಬಂತು. ಜನ ಊರು ಬಿಟ್ಟು ಶೆಡ್ಡುಗಳಿಗೆ, ತೋಟಗಳಿಗೆ ಹೋದರು. ಪ್ಲೇಗಮ್ಮನ ಗುಡಿಗಳು ಎದ್ದವು. ಬೆಂಗಳೂರು ಪೇಟೆಯ ಇಕ್ಕಟ್ಟು ಗಲ್ಲಿಗಳಿಂದ ಜನ ಆಚೆಗೆ ಬಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಂಡದ್ದು ಈ ಹೊಡೆತದ ನಂತರವೇ. ಅಗಲವಾದ ರಸ್ತೆ, ಮನೆ ಮನೆಗೂ ಗಾಳಿ ಬೆಳಕು, ಹಿಂದೆ ಕಸ, ಕೊಳೆ ತೆಗೆಯುವವರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ. ಬಸವನಗುಡಿಯ ಪಕ್ಕದಲ್ಲಿ ಹಾದುಹೋಗುವ ವಾಣಿವಿಲಾಸ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ನನಗೆ ಇದು ನೆನಪಾಗುತ್ತದೆ.

ವಿಕ್ಟೋರಿಯಾ ಆಸ್ಪತ್ರೆಯೂ ಇದೇ ಕಾಲದ್ದು. 1897ರ ಜೂನ್‌ನಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ರೀಜೆಂಟ್ ಮಹಾರಾಣಿಯವರು, 1900ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಮಾಡಿದವರು ವೈಸ್‌ರಾಯ್ ಕರ್ಜನ್. ಈಗಲೂ ಬೆಳಗ್ಗೆ ಆರಕ್ಕೆ ಅಲ್ಲಿ ಚೀಟಿ ಮಾಡಿಸಲು ಸಾಲು ನಿಂತಿರುತ್ತದೆ. ಅದರ ಪಕ್ಕದಲ್ಲೇ ಹೆಂಗಸರು, ಮಕ್ಕಳ ಆಸ್ಪತ್ರೆ, 1935ರದ್ದು, ಹೆಸರು ವಾಣಿವಿಲಾಸ.

ನೀರು ಮತ್ತು ಕರೆಂಟು

ಇಷ್ಟು ಏಟು ಬಿದ್ದಾಗ ಸಾಮಾನ್ಯವಾಗಿ ರೀಜೆಂಟ್ ಆಡಳಿತಗಳು ಮಾಡುವ ಕೆಲಸ ಒಂದೇ. ಏನೂ ಮಾಡದೆ ಸುಮ್ನೆ ಕೂರುವುದು. ಹುಡುಗ ದೊಡ್ಡವನಾಗಲಿ, ಅವನೇ ನೋಡಿಕೊಳ್ಳಲಿ. ಅದರಲ್ಲಿ ಅಪಾಯವೂ ಕಡಿಮೆ. ಇನ್ನೊಬ್ಬರ ಆಸ್ತಿ ನೋಡಿಕೊಳ್ಳುವವರು ಹೊಸ ತೋಟ ಹಾಕುವುದಿಲ್ಲ, ಬೇಲಿ ಕಾಯುತ್ತಾರೆ ಅಷ್ಟೇ.

ಇಲ್ಲಿ ಹಾಗಾಗಲಿಲ್ಲ. 1898ರಲ್ಲಿ ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಹಿಡಿದರು. ಚಿತ್ರದುರ್ಗದ ಆ ಸೀಮೆ ಎಂಥದ್ದು ಅಂತ ನೋಡಿದವರಿಗೆ ಗೊತ್ತು: ಮಳೆ ಅಂದರೆ ಅದೃಷ್ಟ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ 142 ಅಡಿ ಎತ್ತರದ ಕಲ್ಲಿನ ಗೋಡೆ. ಸಿಗುವ ನೀರು ಸುಮಾರು 30 ಟಿಎಂಸಿ. ಕೆಲಸ ಮುಗಿಯಲು ಹತ್ತು ವರ್ಷ ಹತ್ತಿರ ಹತ್ತಿರ ಹಿಡಿಯಿತು, ಅಷ್ಟರಲ್ಲಿ ಮಗ ರಾಜನಾಗಿದ್ದ. ಅಣೆಕಟ್ಟಿಗೆ ತಾಯಿಯ ಹೆಸರು ಬಂತು, ವಾಣಿವಿಲಾಸ ಸಾಗರ.

ಇದರಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳಬೇಕು. ಕೆರೆ ತುಂಬುತ್ತಲೇ ಇರಲಿಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿತ್ತು, ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ನಂತರ. ವೇದಾವತಿ ತರುವ ನೀರಿಗಿಂತ ಗೋಡೆಯನ್ನೇ ದೊಡ್ಡದಾಗಿ ಕಟ್ಟಿಬಿಟ್ಟರು ಅನ್ನುವ ಟೀಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೂ ಅರ್ಧ ತುಂಬಿದ ಆ ನೀರಲ್ಲೇ ಹಿರಿಯೂರು ಸೀಮೆಯ ತೋಟಗಳು ಬದುಕಿದವು, ಚಿತ್ರದುರ್ಗದ ನಲ್ಲಿಗೂ ಅದೇ ನೀರು ಹೋಯಿತು. 2022ರಲ್ಲಿ ಕೋಡಿ ನೋಡಲು ಊರಿಗೆ ಊರೇ ಹೋದದ್ದು, ತಾತಂದಿರು ನೋಡಿದ್ದನ್ನು ಮೊಮ್ಮಕ್ಕಳು ನೋಡಿದ್ದು, ಅದು ಬೇರೆಯೇ ಸಂತೋಷ.

ಶಿವನಸಮುದ್ರದ್ದು ಇನ್ನೂ ಧೈರ್ಯದ ಕೆಲಸ. ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರ ಓಡಿಸಲು ಕಲ್ಲಿದ್ದಲು ಬೇಕಿತ್ತು, ಅದು ದೂರದಿಂದ ಬರಬೇಕು, ದುಬಾರಿ. ಗಣಿಯಿಂದ ಸಂಸ್ಥಾನಕ್ಕೆ ಸಿಗುತ್ತಿದ್ದ ಚಿನ್ನದ ರಾಯಧನ ಖಜಾನೆಗೆ ದೊಡ್ಡ ಆಸರೆ. ಆದ್ದರಿಂದ ಕಾವೇರಿ ಧುಮುಕುವ ಕಡೆ ವಿದ್ಯುತ್ ಮಾಡಿ ಗಣಿಗೆ ಮಾರಿದರೆ ಗಣಿಗೂ ಲಾಭ, ಸರ್ಕಾರಕ್ಕೂ ಹೊಸ ಆದಾಯ ಅನ್ನುವುದು ಲೆಕ್ಕ. ಇಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯೆರ್ ಯೋಜನೆ ಮಾಡಿದರು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಸಾಮಾನು ಕೊಟ್ಟಿತು. ಶಿವನಸಮುದ್ರದಿಂದ ಕೆಜಿಎಫ್‌ಗೆ ತಂತಿ ಎಳೆದದ್ದು 92 ಮೈಲಿ. ಅಷ್ಟು ದೂರಕ್ಕೆ ಕರೆಂಟ್ ಕಳಿಸುವುದು ಆಗ ಪ್ರಪಂಚದಲ್ಲೇ ದೊಡ್ಡ ಸಾಹಸ. ಹೊಲದಲ್ಲಿ ಕಂಬ ನೆಡುವುದನ್ನು ನೋಡಿದ ರೈತರು ಏನಂದುಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಯೋಚನೆ ದಿವಾನರದ್ದು, ಇಂಜಿನಿಯರ್‌ಗಳದ್ದು. ಖಂಡಿತ. ಆದರೆ ಪೊಗದಿ ಏರಿ, ಅರಮನೆ ಸುಟ್ಟು, ಪ್ಲೇಗ್ ಬಂದಿರುವಾಗ, ಈ ದೇಶದಲ್ಲಿ ಯಾರೂ ಮಾಡಿ ನೋಡಿರದ ಇಂಥ ಕೆಲಸಕ್ಕೆ ಮಗನ ರಾಜ್ಯದ ದುಡ್ಡನ್ನು ಹಾಕಲು ಆಗಲಿ ಅನ್ನುವವರು ಒಬ್ಬರು ಬೇಕು. ಸೋತಿದ್ದರೆ ದಿವಾನರು ಮನೆಗೆ ಹೋಗುತ್ತಿದ್ದರು ಅಷ್ಟೇ, ಮಗನಿಗೆ ಸಾಲ ಉಳಿಯುತ್ತಿತ್ತು. ಆ ಒಪ್ಪಿಗೆಯ ತೂಕವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ ಅನ್ನುವುದೇ ನನ್ನ ಮಾತು.

ಹುಡುಗನನ್ನು ರಾಜನಾಗಿ ಮಾಡುವುದು

ಪೂರ್ಣಯ್ಯನವರ ಕಾಲದಲ್ಲಿ ತಪ್ಪಿದ್ದು ಇದು. ಈ ಸಲ ಇದನ್ನೇ ದೊಡ್ಡ ಕೆಲಸವಾಗಿ ಹಿಡಿದರು. ಹುಡುಗನಿಗೆ ಒಬ್ಬನೇ ಕೂತು ಓದುವ ಪಾಠವಲ್ಲ. ಲೋಕರಂಜನ ಮಹಲಿನಲ್ಲಿ ಅವನ ವಯಸ್ಸಿನವರನ್ನೂ ಸೇರಿಸಿ ಒಂದು ಶಾಲೆಯ ಹಾಗೆ ನಡೆಸಿದರು. ಮಿರ್ಜಾ ಇಸ್ಮಾಯಿಲ್ ಅಲ್ಲಿ ಜೊತೆಗಾರ. ಮುಂದೆ 1926ರಿಂದ 1941ರವರೆಗೆ ದಿವಾನರಾದವರು ಅವರೇ. ರಾಜ ಮತ್ತು ದಿವಾನ ಒಂದೇ ಬೆಂಚಿನ ಹುಡುಗರು!

ಮುಖ್ಯ ಶಿಕ್ಷಕರು ಐಸಿಎಸ್ ಅಧಿಕಾರಿ ಸ್ಟುವರ್ಟ್ ಫ್ರೇಸರ್. ಬ್ರಿಟಿಷ್ ಸರ್ಕಾರದ ಕಡೆಯಿಂದ ಬಂದವರು. ಇದರಲ್ಲಿ ಅಪಾಯವೂ ಇತ್ತು. ಸಂಸ್ಥಾನಗಳ ಎಷ್ಟೋ ಹುಡುಗರು ಇಂಥ ಪಾಠದಿಂದ ಪೋಲೋ, ಷಿಕಾರಿ, ಲಂಡನ್ ಹುಚ್ಚು ಕಲಿತು ತಮ್ಮ ಜನರಿಗೇ ಪರದೇಶಿಗಳಾದರು. ಕೃಷ್ಣರಾಜರು ಪೋಲೋ ಆಡಿದರು, ಇಂಗ್ಲಿಷ್ ಕಲಿತರು, ಜೊತೆಗೆ ಸಂಸ್ಕೃತ ಬಿಡಲಿಲ್ಲ, ಸಂಗೀತ ಬಿಡಲಿಲ್ಲ, ಪೂಜೆ ಬಿಡಲಿಲ್ಲ. ಹಗಲು ಫ್ರೇಸರ್ ಕಲಿಸುತ್ತಿದ್ದರೆ ಉಳಿದ ಹೊತ್ತು ಮನೆಯಲ್ಲಿ ತಾಯಿ ಇದ್ದರು. ಆ ಎರಡನೆಯ ಶಾಲೆಗೆ ದಾಖಲೆ ಕಡಿಮೆ. ಫಲ ಮಾತ್ರ ಮುಂದಿನ ಮೂವತ್ತೆಂಟು ವರ್ಷ ಕಣ್ಣಮುಂದೆ ಇತ್ತು.

1900ರ ಜೂನ್‌ನಲ್ಲಿ ಮಗನ ಮದುವೆ, ಕಾಠಿಯಾವಾಡದ ವಾಣಾ ಮನೆತನದ ಪ್ರತಾಪಕುಮಾರಿಯವರ ಜೊತೆ. ಮರುವರ್ಷ ಶೇಷಾದ್ರಿ ಅಯ್ಯರ್ ಕೆಲಸ ಬಿಟ್ಟು ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದಿವಾನಗಿರಿ ಪಿ.ಎನ್. ಕೃಷ್ಣಮೂರ್ತಿಯವರಿಗೆ ಬಂತು. ಕೌನ್ಸಿಲ್‌ನಲ್ಲೇ ಪಳಗಿದವರು ಇದ್ದದ್ದರಿಂದ ಎಲ್ಲೂ ತೊಡರಲಿಲ್ಲ. ಹದಿನೆಂಟು ವರ್ಷದ ದಿವಾನರು ಹೋದರೂ ಆಡಳಿತ ಅಲುಗಾಡಲಿಲ್ಲ ಅನ್ನುವುದೇ ಆ ಏರ್ಪಾಡು ಗಟ್ಟಿ ಇತ್ತು ಅನ್ನುವುದಕ್ಕೆ ನನಗೆ ದೊಡ್ಡ ಸಾಕ್ಷಿ.

ಬಿಟ್ಟುಕೊಟ್ಟದ್ದು

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ತಲುಪಿತು. ಅದಾಗಿ ಆರು ವಾರ ತುಂಬುವ ಮೊದಲೇ, ಆಗಸ್ಟ್ 8ರಂದು, ಜಗನ್ಮೋಹನ ಅರಮನೆಯಲ್ಲಿ ಕರ್ಜನ್ ಸಮ್ಮುಖದಲ್ಲಿ ಕೃಷ್ಣರಾಜ ಒಡೆಯರು ಪೂರ್ಣ ಅಧಿಕಾರ ವಹಿಸಿಕೊಂಡರು. ವಯಸ್ಸು ಹದಿನೆಂಟು ತುಂಬಿ ಎರಡು ತಿಂಗಳು. ಹೊಸ ಅರಮನೆ ಇನ್ನೂ ಅರ್ಧ, ಮಾರಿಕಣಿವೆಯ ಗೋಡೆಯೂ ಅರ್ಧ. ಮುಗಿಯುವ ತನಕ ನಾನೇ ಇರುತ್ತೇನೆ ಅಂತ ರೀಜೆಂಟ್ ಮಹಾರಾಣಿಯವರು ಹೇಳಲಿಲ್ಲ.

ಆಗ ಅವರಿಗೆ ಮೂವತ್ತಾರು ವರ್ಷ. ಅದಾದ ಮೇಲೆ ಇನ್ನೂ ಮೂವತ್ತೆರಡು ವರ್ಷ ಬದುಕಿದ್ದರು, 1934ರವರೆಗೆ. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು, ರೀಜೆಂಟ್ ಕಾಲದಲ್ಲೇ ಟಾಟಾ ಅವರ ಜೊತೆ ಮಾತು ನಡೆದಿದ್ದ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ಎದ್ದಿತು, 1916ರಲ್ಲಿ ವಿಶ್ವವಿದ್ಯಾಲಯ ಬಂತು, ಕನ್ನಂಬಾಡಿ ಕಟ್ಟೆ ಎದ್ದಿತು. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡದ್ದನ್ನೂ ಆ ತಾಯಿ ನೋಡಬೇಕಾಯಿತು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇರುವುದು ಆ ಮಗಳ ಹೆಸರು. ಇಷ್ಟೂ ವರ್ಷ ಅವರು ಮಹಾಮಾತೃಶ್ರೀಯವರಾಗಿ ಅರಮನೆಯಲ್ಲೇ ಇದ್ದರು. ಆಳುತ್ತಿದ್ದವರು ಮಗ.